ಮಾಸ್ತರರ ಸ್ಕೋರ್ ಪುಸ್ತಕ

ಓದುಗರ ಪ್ರಶ್ನೆ, ಟೀಚರ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಮಕ್ಕಳ ಓದು, ಪರೀಕ್ಷೆ, ಲೆಕ್ಕದ ಹೆದರಿಕೆಯ ಪ್ರಶ್ನೆಗಳು. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ 31 ವರ್ಷ ಗಣಿತ ಕಲಿಸಿದವಳಿಗೆ ಅವೇ ಬರಬೇಕಾದದ್ದು. ಆದರೆ ಎರಡು ತಿಂಗಳ ಹಿಂದೆ ನೀರ್ಚಾಲಿನಿಂದ ಒಂದು ದಪ್ಪ ಲಕೋಟೆ ಬಂತು. ಅದರ ವಿಷಯವನ್ನು ಕಳೆದ ಸಂಚಿಕೆಯಲ್ಲಿ ಎರಡು ಸಾಲಿನಲ್ಲಿ ಹೇಳಿದ್ದೆ. ಅದನ್ನು ಓದಿ ಇನ್ನೂ ಕೆಲವರು ಬರೆದರು. ಹಾಗಾಗಿ ಈ ತಿಂಗಳ ಪುಟಗಳೆಲ್ಲ ಒಂದೇ ವಿಷಯಕ್ಕೆ.

ಪ್ರಶ್ನೆ: ಟೀಚರಿಗೆ ನಮಸ್ಕಾರ. ನನ್ನ ಮುತ್ತಜ್ಜ ಮದರಾಸಿನಲ್ಲಿ ಬಿ.ಎ., ಎಲ್.ಟಿ. (ಆಗಿನ ಅಧ್ಯಾಪಕ ತರಬೇತಿಯ ಪದವಿ) ಮುಗಿಸಿ ಬಂದು ನಮ್ಮ ಕಡೆಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅವರು ದೊಡ್ಡ ಕ್ರಿಕೆಟ್ ಆಟಗಾರರೆಂದು ಮನೆಯಲ್ಲಿ ಹೇಳುವುದನ್ನು ಕೇಳಿಕೊಂಡೇ ಬೆಳೆದವನು ನಾನು. ಹಳೆಮನೆ ಬಿಚ್ಚುವಾಗ ಅಟ್ಟದ ಟ್ರಂಕಿನಲ್ಲಿ ಅವರ ಸ್ಕೋರ್ ಪುಸ್ತಕ ಸಿಕ್ಕಿತು. 1927 ಎಂದು ಬರೆದಿದೆ. ಅವರ ಹೆಸರಿನೆದುರು ಇರುವ ರನ್ನುಗಳು 7, 0, 19, 4, 11, 31. ಅಷ್ಟೇ. ಅವರ ಜೀವನದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯಲು ಹೊರಟಿದ್ದೆ, ಇದನ್ನು ನೋಡಿದ ಮೇಲೆ ಕೈ ಓಡುತ್ತಿಲ್ಲ. ಬರೆಯುವಂಥದ್ದು ಇದರಲ್ಲಿ ಏನಾದರೂ ಇದೆಯೇ? ಪುಟಗಳ ಜೆರಾಕ್ಸ್ ಇಟ್ಟಿದ್ದೇನೆ.
(ಓದುಗರೊಬ್ಬರು, ನೀರ್ಚಾಲು)

ಉತ್ತರ: ಇದೆ. ದಯವಿಟ್ಟು ಬರೆಯುವುದನ್ನು ನಿಲ್ಲಿಸಬೇಡಿ.

ಈ ಪುಸ್ತಕದ ಭಾಷೆ ನನಗೆ ಬರುತ್ತದೆ. ನನ್ನ ಅಪ್ಪನೂ ಮಾಸ್ತರರೇ. ಶಾಲೆಯ ಮೇಲಿನ ಪದವಿನಲ್ಲಿ, ಅಂದರೆ ಗುಡ್ಡದ ನೆತ್ತಿಯ ಬಯಲಿನಲ್ಲಿ, ಭಾನುವಾರ ಆಟ ನಡೆಯುವಾಗ ಅಣ್ಣಂದಿರ ಕೈಗೆ ತೆಂಗಿನ ಕೊತ್ತಳಿಗೆಯ ಬ್ಯಾಟು, ನನ್ನ ಕೈಗೆ ಪೆನ್ಸಿಲು. ಹುಡುಗಿಯರು ಆಡುವಂತಿರಲಿಲ್ಲ, ಬರೆಯಬಹುದಿತ್ತು. ಹತ್ತು ವರ್ಷದ ನನಗೆ ಅಪ್ಪ ಹೇಳಿಕೊಟ್ಟರು: ರನ್ ಇಲ್ಲದ ಚೆಂಡಿಗೆ ಒಂದು ಚುಕ್ಕೆ, ಓವರಿನ ಆರೂ ಚುಕ್ಕೆಯಾದರೆ ಅವುಗಳನ್ನು ಗೆರೆಯಿಂದ ಕೂಡಿಸಿ ‘ಎಂ’ ಅಕ್ಷರ ಮಾಡಬೇಕು, ಅದು ಮೇಡನ್. ಒಂದು ಚುಕ್ಕೆ ತಪ್ಪಿದರೂ ಸಂಜೆ ಲೆಕ್ಕ ಕೂಡುವುದಿಲ್ಲ. ನಾನು ಗಣಿತದ ಟೀಚರಾದದ್ದು ಅಲ್ಲಿಂದಲೇ ಎಂದು ಈಗಲೂ ನಂಬಿದ್ದೇನೆ.

ಮೊದಲು 19ನ್ನು ತೆಗೆದುಕೊಳ್ಳೋಣ. ಆ ಪುಟದಲ್ಲಿ ತಂಡದ ಒಟ್ಟು ಮೊತ್ತ 62. ಬೈ, ಲೆಗ್ ಬೈ, ವೈಡ್ ಎಂಬ, ಬ್ಯಾಟಿನಿಂದ ಬಾರದ ರನ್ನುಗಳು ಸೇರಿ 14. ನಿಮ್ಮ ಮುತ್ತಜ್ಜನದು 19. ಉಳಿಯುವುದು 29, ಅದನ್ನು ಮಿಕ್ಕ ಹತ್ತು ಮಂದಿ ಸೇರಿ ಗಳಿಸಿದ್ದಾರೆ. ನಲವತ್ತು ಅಂಕ ತಂದ ಹುಡುಗನನ್ನು ಗದರಿಸುವ ಮೊದಲು ಉಳಿದವರಿಗೆ ಎಷ್ಟು ಬಂದಿದೆ, ಪ್ರಶ್ನೆಪತ್ರಿಕೆ ಹೇಗಿತ್ತು ಎಂದು ನೋಡಬೇಕಾದದ್ದು ಅಧ್ಯಾಪಕರ ಧರ್ಮ. ಇಲ್ಲಿ ಪ್ರಶ್ನೆಪತ್ರಿಕೆ ಎಂದರೆ ಆಡಿದ ನೆಲ.

ಪುಟದ ನೆತ್ತಿಯಲ್ಲಿ, ಊರಿನ ಹೆಸರಿನ ಪಕ್ಕದಲ್ಲಿ, ‘ಮ್ಯಾಟ್’ ಎಂಬ ಒಂದು ಶಬ್ದವಿದೆ. ನೀವು ಅದನ್ನು ಗಮನಿಸಿರಲಿಕ್ಕಿಲ್ಲ. ನಮ್ಮ ಪದವುಗಳ ಮೈಯೆಲ್ಲ ಮುರಕಲ್ಲು. ಮಳೆಗಾಲದಲ್ಲಿ ಹುಲ್ಲು ಚಿಗುರುತ್ತದೆ, ಆಮೇಲೆ ಬರೀ ಕೆಂಪು ಜಲ್ಲಿ. ಅಲ್ಲಿ ಹುಲ್ಲಿನ ಪಿಚ್ಚು ಬೆಳೆಸುವ ಮಾತೇ ಇಲ್ಲ. ತೆಂಗಿನ ನಾರಿನ ಮ್ಯಾಟನ್ನು ಹಾಸಿ, ಎಳೆದು, ಅಂಚಿಗೆ ಮೊಳೆ ಬಡಿದು ಆಡುತ್ತಿದ್ದರು. ನಾರು ಚೆಂಡನ್ನು ಕಚ್ಚಿ ಹಿಡಿದು ತಿರುಗಿಸುತ್ತದೆ, ಹುಲ್ಲಿಗಿಂತ ಎತ್ತರಕ್ಕೆ ನೆಗೆಸುತ್ತದೆ. ಇದು ಎಂಥ ಪರೀಕ್ಷೆ ಎಂದು ತಿಳಿಯಬೇಕಾದರೆ 1956ರ ಅಕ್ಟೋಬರಿನ ಕರಾಚಿ ಟೆಸ್ಟ್ ನೋಡಿ. ಹಾರ್ವೆ, ಮಿಲ್ಲರ್ ಅವರಂಥವರಿದ್ದ ಆಸ್ಟ್ರೇಲಿಯಾ ತಂಡ ಮ್ಯಾಟಿನ ಮೇಲೆ 80 ರನ್ನಿಗೆ ಮುಗಿಯಿತು. ಮೊದಲ ದಿನವಿಡೀ ಎರಡೂ ತಂಡ ಸೇರಿ ಮಾಡಿದ್ದು 95 ರನ್. ಪಾಕಿಸ್ತಾನದ ಫಜಲ್ ಮಹಮೂದ್ ಆ ಪಂದ್ಯದಲ್ಲಿ 13 ವಿಕೆಟ್ ಕಿತ್ತರು.

ಇನ್ನೂ ಹತ್ತಿರದ ಲೆಕ್ಕ ಬೇಕೆಂದರೆ, 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಮೈಸೂರು ಸಂಸ್ಥಾನದ ತಂಡ ಮೊದಲು 48, ಆಮೇಲೆ 59. ಮದರಾಸು ಒಂದೇ ಸರದಿಯಲ್ಲಿ 130. ಮದರಾಸಿನ ಎ.ಜಿ. ರಾಮ್ ಸಿಂಗ್ 35 ರನ್ ಕೊಟ್ಟು 11 ವಿಕೆಟ್ ತೆಗೆದರು. ಬೆಳಿಗ್ಗೆ ಆರಂಭವಾದ ಪಂದ್ಯ ಅದೇ ದಿನ ಮುಗಿಯಿತು. ಒಂದು ಸಂಸ್ಥಾನದಿಂದ ಆರಿಸಿ ತಂದ ಹನ್ನೊಂದು ಮಂದಿ 48 ರನ್ನಿಗೆ ಮುಗಿಯುತ್ತಿದ್ದ ಕಾಲದಲ್ಲಿ, ನಮ್ಮ ಪದವಿನ ಮೇಲೆ ಮಾಸ್ತರರೊಬ್ಬರು 62ರಲ್ಲಿ 19 ತಂದರು. ಅದನ್ನು ಸಣ್ಣದೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಈಗ ಆ 19 ಹೇಗೆ ಬಂತೆಂದು ನೋಡಿ. ಹೆಸರಿನ ಮುಂದೆ ಸಣ್ಣ ಅಂಕೆಗಳಿವೆ: 1, 1, 2, 4, 1, 1, 3, 1, 4, 1. ಬೌಂಡರಿ ಎರಡೇ. ಉಳಿದ 11 ರನ್ನನ್ನು ಅವರು ಓಡಿ ತಂದಿದ್ದಾರೆ. ಔಟಾದದ್ದು ಸ್ಟಂಪ್ ಆಗಿ, ಅಂದರೆ ಕ್ರೀಸಿನಿಂದ ಹೊರಗಿದ್ದಾಗ ವಿಕೆಟ್ ಕೀಪರ್ ವಿಕೆಟ್ ಕೆಡವಿದ್ದರಿಂದ. 7ಕ್ಕೂ ಸ್ಟಂಪ್, 11ಕ್ಕೂ ಸ್ಟಂಪ್. ಆರು ಸರದಿಗಳಲ್ಲಿ ಮೂರು ಸಲ. ಇದೇ ನಿಮ್ಮ ಮುತ್ತಜ್ಜ. ಚೆಂಡು ಮ್ಯಾಟಿನ ಮೇಲೆ ಬಿದ್ದು ತಿರುಗಿ ಏಳುವವರೆಗೆ ಕ್ರೀಸಿನೊಳಗೆ ಕಾಲೂರಿ ನಿಲ್ಲುತ್ತಿದ್ದವರಲ್ಲ ಅವರು. ತಿರುಗುವ ಮೊದಲೇ ಅದನ್ನು ಮುಟ್ಟಬೇಕೆಂದು ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದವರು. ಸಿಕ್ಕಿದಾಗ ರನ್, ತಪ್ಪಿದಾಗ ಹಿಂದೆ ವಿಕೆಟ್ ಕೀಪರ್. ಒಂದು ಸಲ ಹಾಗೆ ಔಟಾದವರು ಮುಂದಿನ ಸಲ ಹೆದರಿ ಒಳಗೇ ನಿಲ್ಲಬಹುದಿತ್ತು. ಅವರು ನಿಲ್ಲಲಿಲ್ಲ. ಫೋಟೋದಲ್ಲಿ ಕಾಣದ ಸ್ವಭಾವ ಇಲ್ಲಿ ಕಾಣುತ್ತಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಒಮ್ಮೆಯೂ ಎಲ್‌ಬಿಡಬ್ಲ್ಯು ಆಗಿಲ್ಲ’ ಎಂದು ನಿಮ್ಮ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ವಿಕೆಟ್ಟಿಗೆ ಹೋಗುವ ಚೆಂಡಿಗೆ ಕಾಲು ಅಡ್ಡ ಬಂದರೆ ಕೊಡುವ ಔಟು ಅದು. ಆಗಿಲ್ಲವೆಂಬುದನ್ನು ಹೊಗಳಿಕೆಗೆ ಬಳಸಬೇಡಿ. 1935ರವರೆಗೆ ಚೆಂಡು ಎರಡು ಕಡೆಯ ವಿಕೆಟ್ಟುಗಳ ನೇರದಲ್ಲಿ ನೆಲಕ್ಕೆ ಬಿದ್ದಿದ್ದರೆ ಮಾತ್ರ ಎಲ್‌ಬಿಡಬ್ಲ್ಯು ಕೊಡುತ್ತಿದ್ದರು. ಹೊರಗೆ ಬಿದ್ದು ಒಳಕ್ಕೆ ತಿರುಗಿದ ಚೆಂಡಿಗೆ ಎಲ್ಲರೂ ಧೈರ್ಯವಾಗಿ ಕಾಲು ಕೊಡಬಹುದಿತ್ತು. ವಿಕೆಟ್ ಕೂಡ ಆಗ 27 ಇಂಚು ಎತ್ತರ, 8 ಇಂಚು ಅಗಲ. ಅದು 28ಕ್ಕೆ 9 ಆದದ್ದು 1931ರಿಂದ ಈಚೆಗೆ. ಅಭಿಮಾನದಿಂದ ಬರೆಯುವಾಗಲೂ ಲೆಕ್ಕ ಸರಿಯಿರಬೇಕು.

ಸೊನ್ನೆಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ, ರನ್ ಔಟ್. 4ಕ್ಕೆ ಕ್ಯಾಚು. ಆದರೆ ಕೊನೆಯ ಪುಟದ 31 ಅಜೇಯ. ಅದನ್ನು ನಾನು ಮೂರು ರಾತ್ರಿ ನೋಡಿದ್ದೇನೆ. ವಿಕೆಟ್ ಬಿದ್ದ ಸಾಲಿನಲ್ಲಿ ಒಂಬತ್ತನೆಯದು 52ಕ್ಕೆ ಬಿದ್ದಿದೆ. ತಂಡದ ಮೊತ್ತ 74. ಅಂದರೆ ಕೊನೆಯ ಜೊತೆಯಾಟಕ್ಕೆ 22 ರನ್. ಅದರಲ್ಲಿ ಬೈ 2, ಹನ್ನೊಂದನೆಯ ಆಟಗಾರನದು 2, ಉಳಿದ 18 ಮಾಸ್ತರರದು. ಎದುರು ತಂಡದ ಬೌಲಿಂಗ್ ಕಾಲಮಿಗೆ ಬನ್ನಿ. ಕೊನೆಯ ಐದು ಓವರುಗಳಲ್ಲಿ ನಾಲ್ಕರ ಆರನೆಯ ಚೆಂಡಿಗೆ ಚುಕ್ಕೆ ಇಲ್ಲ, ‘1’ ಇದೆ. ಓವರಿನ ಕೊನೆಯ ಚೆಂಡಿಗೆ ಒಂದು ರನ್ ಓಡಿದರೆ ಮುಂದಿನ ಓವರಿನ ಮೊದಲ ಚೆಂಡನ್ನೂ ಎದುರಿಸುವುದು ಅವರೇ. ಆಚೆ ತುದಿಯಲ್ಲಿದ್ದವನಿಗೆ ಬೌಲರನ ಬಿಸಿ ತಾಗದಂತೆ ಐದು ಓವರ್ ಕಾದಿದ್ದಾರೆ. ಹೊಡೆಯುವ ಆಸೆಯಿಂದ ಮೂರು ಸಲ ಮುನ್ನುಗ್ಗಿ ಸ್ಟಂಪ್ ಆದವರು ಈ ದಿನ ತಾಳ್ಮೆಯಿಂದ ಒಂದೊಂದೇ ರನ್ ಎಣಿಸಿದ್ದಾರೆ. ಯಾಕೆ ಎಂಬುದಕ್ಕೆ ಕೊನೆಯ ಪ್ರಶ್ನೆಯಲ್ಲಿ ಬರುತ್ತೇನೆ.

ಪ್ರಶ್ನೆ: ನನ್ನ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಅಲ್ಲಿ ನೂರು ವರ್ಷ ಹಿಂದಿನ ಅಧ್ಯಾಪಕರ ಹೆಸರಿನ ಜೊತೆ ‘ಪ್ರಾಂತ್ಯಕ್ಕೆ ಆಡಿದವರು’ ಎಂದು ಗೌರವದಿಂದ ಹೇಳುತ್ತಾರಂತೆ. ಹಾಗೆಂದರೇನು? ಅಧ್ಯಾಪಕರಿಗೆ ಅಷ್ಟು ಬಿಡುವು ಎಲ್ಲಿಂದ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ನಮ್ಮಲ್ಲಿ ಕರ್ನಾಟಕ, ಕೇರಳ ಎಂದು ರಣಜಿ ತಂಡಗಳಿರುವಂತೆ ಅಲ್ಲಿ ಆಕ್ಲೆಂಡ್, ವೆಲಿಂಗ್ಟನ್, ಕ್ಯಾಂಟರ್ಬರಿ, ಒಟಾಗೊ ಮುಂತಾದ ಪ್ರಾಂತ್ಯಗಳ ತಂಡಗಳು. ಗವರ್ನರ್ ಲಾರ್ಡ್ ಪ್ಲಂಕೆಟ್ ಕೊಟ್ಟ ಶೀಲ್ಡಿಗಾಗಿ 1906–07ರಿಂದ ಸೆಣಸಾಟ. ಆರಂಭದಲ್ಲಿ ಶೀಲ್ಡ್ ಇಟ್ಟುಕೊಂಡವರಿಗೆ ಉಳಿದವರು ಸವಾಲು ಹಾಕಬೇಕಿತ್ತು, 1921–22ರಿಂದ ಲೀಗ್ ಪದ್ಧತಿ ಬಂತು. ಒಂದು ಋತುವಿನಲ್ಲಿ ಪಂದ್ಯಗಳು ಬೆರಳೆಣಿಕೆಯಷ್ಟು. ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಎಲ್ಲರಿಗೂ ಬೇರೆ ಕೆಲಸ ಬೇಕಿತ್ತು.

ಬಿಡುವಿನ ಗುಟ್ಟು ಕ್ಯಾಲೆಂಡರಿನಲ್ಲಿದೆ. ಅಲ್ಲಿ ಡಿಸೆಂಬರ್, ಜನವರಿ ಎಂದರೆ ಬೇಸಿಗೆ. ಶಾಲೆಯ ದೊಡ್ಡ ರಜೆಯೂ ಆಗಲೇ, ಕ್ರಿಕೆಟ್ಟಿನ ಕಾಲವೂ ಆಗಲೇ. ನಮ್ಮ ಮಾಸ್ತರರಿಗೆ ಆ ಭಾಗ್ಯವಿರಲಿಲ್ಲ. ಮದರಾಸು ಪ್ರಾಂತ್ಯದ ದೊಡ್ಡ ಪಂದ್ಯ ಎಂದರೆ ಚೆಪಾಕಿನಲ್ಲಿ ಭಾರತೀಯರಿಗೂ ಯುರೋಪಿಯನ್ನರಿಗೂ ಪೊಂಗಲ್ ಹೊತ್ತಿಗೆ ನಡೆಯುತ್ತಿದ್ದ ಪ್ರೆಸಿಡೆನ್ಸಿ ಪಂದ್ಯ. ಜನವರಿ ನಡುವಿನಲ್ಲಿ ಶಾಲೆ ಜೋರಾಗಿ ನಡೆಯುತ್ತಿರುತ್ತದೆ. ಕಾಸರಗೋಡಿನ ಮೇಲೆ ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು ನಿಜ, ಆದರೆ ರೈಲು ಇದ್ದ ಮಾತ್ರಕ್ಕೆ ಹೆಡ್‌ಮಾಸ್ತರರು ರಜೆ ಕೊಡಬೇಕಲ್ಲ. ಏಪ್ರಿಲ್, ಮೇ ತಿಂಗಳ ರಜೆ ಸಿಗುವಾಗ ಬಿಸಿಲಿಗೆ ಪದವು ಕಾವಲಿಯಾಗಿರುತ್ತದೆ, ಜೂನಿಗೆ ಮಳೆ. ಎಷ್ಟೋ ಒಳ್ಳೆಯ ಆಟಗಾರರು ಊರಿನ ಆಟಗಾರರಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ತಿಳಿವಳಿಕೆ.

ಅಲ್ಲಿಯ ಒಬ್ಬರ ಕಥೆ ಹೇಳುತ್ತೇನೆ. ಆರ್ಥರ್ ಸಿಮ್ಸ್, 1877ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಜಿಲೆಂಡಿಗೆ ಬಂದವರು. ಮೊದಲು ಅಧ್ಯಾಪಕ, ಕ್ಯಾಂಟರ್ಬರಿ ಪ್ರಾಂತ್ಯದ ಆಟಗಾರ, ಮುಂದೆ ಮಾಂಸ ರಫ್ತಿನ ದೊಡ್ಡ ವ್ಯಾಪಾರಿ. 1914ರಲ್ಲಿ ಆಸ್ಟ್ರೇಲಿಯಾದ ತಂಡವೊಂದನ್ನು ತಾವೇ ಕಟ್ಟಿ ನ್ಯೂಜಿಲೆಂಡಿಗೆ ಕರೆತಂದರು. ಕ್ರೈಸ್ಟ್‌ಚರ್ಚಿನ ಲ್ಯಾಂಕಾಸ್ಟರ್ ಪಾರ್ಕಿನಲ್ಲಿ, ತಮ್ಮದೇ ಕ್ಯಾಂಟರ್ಬರಿಯ ಎದುರು, ಆ ತಂಡದ ಪರವಾಗಿ ಆಡುತ್ತಿದ್ದರು. ಏಳು ವಿಕೆಟ್ ಬಿದ್ದಿತ್ತು. ಒಂಬತ್ತನೆಯವರಾಗಿ ಇಳಿದು ಬಂದವರು ಆಸ್ಟ್ರೇಲಿಯಾದ ಹೆಸರಾಂತ ಆಟಗಾರ ವಿಕ್ಟರ್ ಟ್ರಂಪರ್. ಇಬ್ಬರೂ ಸೇರಿ ಎಂಟನೆಯ ವಿಕೆಟ್ಟಿಗೆ 433 ರನ್ ಕೂಡಿಸಿದರು. ಟ್ರಂಪರ್ 293, ಸಿಮ್ಸ್ ಅಜೇಯ 184. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಎಂಟನೆಯ ವಿಕೆಟ್ಟಿನ ದಾಖಲೆಯಾಗಿ ಅದು ನೂರು ವರ್ಷ ದಾಟಿ ನಿಂತಿದೆ. ಮರುವರ್ಷ ಟ್ರಂಪರ್ 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಿಮ್ಸ್ 1969ರವರೆಗೆ ಬದುಕಿದ್ದರು. ಎಲ್ಲರೂ ಟ್ರಂಪರರ ಹೊಡೆತಗಳನ್ನು ನೆನೆಯುತ್ತಾರೆ. ಸ್ಕೋರ್ ಬರೆದವಳಾದ ನನಗೆ ಮಾತ್ರ ಆಚೆ ತುದಿಯಲ್ಲಿ ಔಟಾಗದೆ ನಿಂತ ಮೇಷ್ಟ್ರೇ ಕಣ್ಣಿಗೆ ಕಟ್ಟುತ್ತಾರೆ.

ಪ್ರಶ್ನೆ: ನಮ್ಮ ದೇಶದಲ್ಲಿ ಪಾಠ ಮಾಡಿಕೊಂಡೇ ದೊಡ್ಡ ಆಟಗಾರರಾದವರು ಇದ್ದಾರೆಯೇ?
(ಕಾಲೇಜು ವಿದ್ಯಾರ್ಥಿನಿ, ಬದಿಯಡ್ಕ)

ಉತ್ತರ: ಪುಣೆಯ ದಿನಕರ ಬಳವಂತ ದೇವಧರ್. ಸರ್ ಪರಶುರಾಮಭಾವೂ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಕಾಲೇಜಿಗೆ ಆ ಹೆಸರು ಬಂದದ್ದು ನಮ್ಮ ಜಮಖಂಡಿಯ ರಾಜಮನೆತನದಿಂದ. ಬೆಳಿಗ್ಗೆ ಶ್ಲೋಕ, ಸಂಜೆ ನೆಟ್ ಎಂದು ಬಾಳಿದವರು. 1926ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನಿಂದ ಬಂದ ಎಂ.ಸಿ.ಸಿ. ತಂಡದ ಎದುರು 148 ಹೊಡೆದರು. ಭಾರತ ಮೊದಲ ಟೆಸ್ಟ್ ಆಡಿದ 1932ರಲ್ಲಿ ಅವರಿಗೆ 40 ವರ್ಷ ವಯಸ್ಸು. ಟೆಸ್ಟ್ ಆಡುವ ಯೋಗ ಬರಲೇ ಇಲ್ಲ. ಅದಕ್ಕೆ ಕೊರಗಿ ಕೂರದೆ ಮಹಾರಾಷ್ಟ್ರ ತಂಡ ಕಟ್ಟಿ, ನಾಯಕರಾಗಿ 1939–40 ಮತ್ತು 1940–41ರ ರಣಜಿ ಟ್ರೋಫಿ ಗೆದ್ದರು. 1944ರಲ್ಲಿ, 52 ವಯಸ್ಸಿನಲ್ಲಿ, ನವಾನಗರದ ಎದುರು ಒಂದೇ ಪಂದ್ಯದ ಎರಡೂ ಸರದಿಗಳಲ್ಲಿ ಶತಕ ಬಾರಿಸಿದರು, 105 ಮತ್ತು 141. 101 ವರ್ಷ ಬದುಕಿ 1993ರಲ್ಲಿ ತೀರಿಕೊಂಡರು. ದೇವಧರ್ ಟ್ರೋಫಿ ಎಂಬ ಹೆಸರನ್ನು ನೀವು ಕೇಳಿರುತ್ತೀರಿ, ಅದು ಇವರದೇ.

ಪ್ರಶ್ನೆ: ಮಾಸ್ತರರು, ಪ್ರೊಫೆಸರು ಎಂದು ಹೊಗಳುತ್ತೀರಿ. ಆ ಕಾಲದಲ್ಲಿ ಎಲ್ಲರಿಗೂ ಬ್ಯಾಟು ಸಿಗುತ್ತಿತ್ತೇ?
(ಓದುಗರೊಬ್ಬರು, ಮುಳ್ಳೇರಿಯ)

ಉತ್ತರ: ಸಿಗುತ್ತಿರಲಿಲ್ಲ. ಕೇಳಿದ್ದು ಒಳ್ಳೆಯದಾಯಿತು. ಮದರಾಸಿನಲ್ಲಿ 1846ರಲ್ಲೇ ಕ್ರಿಕೆಟ್ ಕ್ಲಬ್ಬಿತ್ತು, ಅದು ಯುರೋಪಿಯನ್ನರದು. ಬುಚ್ಚಿಬಾಬು ನಾಯ್ಡು 1888ರಲ್ಲಿ ಮದರಾಸ್ ಯುನೈಟೆಡ್ ಕ್ಲಬ್ ಕಟ್ಟಿದ ಮೇಲೆ ಭಾರತೀಯರಿಗೆ ಆಡಲು ತಮ್ಮದೇ ನೆಲ ಸಿಕ್ಕಿತು. ಆದರೆ ಭಾರತೀಯರೊಳಗೂ ಸಾಲುಗಳಿದ್ದವು. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳು ದಲಿತರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನದ ಕೆಲಸ ಮಾಡುತ್ತ, ನೆಟ್ಟಿನಲ್ಲಿ ಅವರಿಗೆ ಚೆಂಡೆಸೆಯುತ್ತ ಎಡಗೈ ಸ್ಪಿನ್ ಪಳಗಿಸಿಕೊಂಡರು. ಹಿಂದೂ ತಂಡದವರು ವಿಕೆಟ್ಟಿಗಾಗಿ ಅವರನ್ನು ಸೇರಿಸಿಕೊಂಡರು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳು 114 ವಿಕೆಟ್ ತೆಗೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ತಮ್ಮ ವಿಠಲ 1923ರಲ್ಲಿ ನಾಯಕರಾದರು. ನೀರ್ಚಾಲಿನವರೇ, ನಿಮ್ಮ ಪುಸ್ತಕದಲ್ಲಿ ಆಡಿದವರ ಹೆಸರು ಬರೆಯುವಾಗ ಮ್ಯಾಟು ಹೊತ್ತು ತಂದವರು, ಮೊಳೆ ಬಡಿದವರು ಯಾರೆಂದೂ ಊರಿನ ಹಿರಿಯರಲ್ಲಿ ಕೇಳಿ. ಅವರು ಆಡಿದ್ದರೇ ಎಂದೂ ಕೇಳಿ.

ಪ್ರಶ್ನೆ: ಕಾಸರಗೋಡಿಗೂ ಕ್ರಿಕೆಟ್ಟಿಗೂ ಏನು ಸಂಬಂಧ?
(ಏಳನೆಯ ತರಗತಿ ವಿದ್ಯಾರ್ಥಿ, ಉಪ್ಪಳ)

ಉತ್ತರ: ಟೆಸ್ಟಿನಲ್ಲಿ 619 ವಿಕೆಟ್ ತೆಗೆದ ಅನಿಲ್ ಕುಂಬ್ಳೆಯವರು ಹುಟ್ಟಿದ್ದು ಬೆಂಗಳೂರಿನಲ್ಲಿ, ಅವರ ಹೆಸರಿನ ಕುಂಬ್ಳೆ ನಿನ್ನ ಪಕ್ಕದ ಕುಂಬಳೆ. ತಳಂಗರೆಯ ಮಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬಯಿ ಎದುರು 54 ಚೆಂಡಿಗೆ ಅಜೇಯ 137 ಹೊಡೆದರು. 2025ರಲ್ಲಿ ಕೇರಳ ಮೊದಲ ಬಾರಿಗೆ ರಣಜಿ ಫೈನಲಿಗೆ ಹೋದದ್ದು ಸೆಮಿಫೈನಲಿನ ಮೊದಲ ಸರದಿಯಲ್ಲಿ ಗುಜರಾತಿಗಿಂತ ಎರಡೇ ರನ್ ಮುಂದಿದ್ದುದರಿಂದ. ಅದರಲ್ಲಿ ಅವರದು ಅಜೇಯ 177. 457ರಿಂದ 455 ಕಳೆದು ನೋಡು, ಮಗು.

ಪ್ರಶ್ನೆ: (ನೀರ್ಚಾಲಿನ ಓದುಗರ ಎರಡನೆಯ ಪತ್ರ) ಸ್ಕೋರ್ ಪುಸ್ತಕವನ್ನು ತಿರುಗಿಸಿ ಹಿಡಿದರೆ ಹಿಂಬದಿಯಿಂದ ಬೇರೆ ಬರಹ ಆರಂಭವಾಗುತ್ತದೆ. ಹುಡುಗರ ಹೆಸರು, ತಾರೀಕು, ಕೆಲವು ಹೆಸರುಗಳ ಮುಂದೆ ‘ಹೊಳೆ’ ಎಂಬ ಒಂದೇ ಶಬ್ದ. ಆಟಕ್ಕೆ ಸಂಬಂಧವಿಲ್ಲವೆಂದು ಮೊದಲು ಕಳಿಸಿರಲಿಲ್ಲ. ಇದೇನು? ಅವರ ಬಗ್ಗೆ ಇನ್ನೆಲ್ಲಿ ಹುಡುಕಲಿ?

ಉತ್ತರ: ಹುಡುಕುವ ಜಾಗಗಳನ್ನು ಮೊದಲು ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ನಾವು ಮದರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯವರು. ಆದ್ದರಿಂದ ನಿಮ್ಮ ದಾರಿ ತಿರುವನಂತಪುರದ ಕಡೆಗಲ್ಲ, ಮಂಗಳೂರು, ಚೆನ್ನೈ ಕಡೆಗೆ. ಎಲ್.ಟಿ. ಎಂದರೆ ಸೈದಾಪೇಟೆಯ ಟೀಚರ್ಸ್ ಕಾಲೇಜನ್ನು ಮೊದಲು ವಿಚಾರಿಸಿ. ಎಗ್ಮೋರಿನ ಕನ್ನೆಮಾರಾ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಕೇಳಿ. ಊರಿನಲ್ಲಿ ಶಾಲೆಯ ದಾಖಲಾತಿ ಪುಸ್ತಕ, ಶತಮಾನೋತ್ಸವದ ಸ್ಮರಣ ಸಂಚಿಕೆ ನೋಡಿ. ಸ್ಕೋರ್ ಪುಸ್ತಕವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ರತಿ ಪುಟದ ಫೋಟೋ ತೆಗೆದಿಡಿ.

ಇನ್ನು ‘ಹೊಳೆ’. ತಾರೀಕುಗಳನ್ನು ನೋಡಿದಿರಾ? ಎಲ್ಲವೂ ಜೂನ್ ಕೊನೆ ಮತ್ತು ಜುಲೈ. ಆಗ ಸೇತುವೆ ಎಲ್ಲಿತ್ತು? ಅಡಿಕೆ ಮರದ ಸಂಕ, ಒಂದು ಜೋರು ಮಳೆಗೆ ಕೊಚ್ಚಿಹೋಗುತ್ತಿತ್ತು. ನಾನು ಕಲಿಸುವ ಕಾಲದಲ್ಲೂ ಹೊಳೆಯಾಚೆಯ ಮಕ್ಕಳು ಜುಲೈಯಲ್ಲಿ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರಿಗೆ ಬೀಳುತ್ತಿದ್ದದ್ದು ಉಳಿದವರಿಗೆ ಬೀಳುವ ಅದೇ ಗೈರುಹಾಜರಿ ಗುರುತು. ಸೋಮಾರಿತನಕ್ಕೂ ನೆರೆಗೂ ಒಂದೇ ಗುರುತು. ನಿಮ್ಮ ಮುತ್ತಜ್ಜ ಅದನ್ನು ಒಪ್ಪದೆ ತಮ್ಮ ಸ್ವಂತ ಪುಸ್ತಕದ ಹಿಂಬದಿಯಲ್ಲಿ ಬೇರೆ ಲೆಕ್ಕ ಇಟ್ಟಿದ್ದಾರೆ. ಹೆಸರಿನ ಕೆಳಗೆ ಸಣ್ಣ ಟಿಕ್ ಗುರುತುಗಳಿವೆ, ಪಕ್ಕದಲ್ಲಿ ‘ಬೀಜಗಣಿತ’, ‘ವ್ಯಾಕರಣ’ ಎಂದಿದೆ. ತಪ್ಪಿಹೋದ ಪಾಠವನ್ನು ಆಮೇಲೆ ಹೇಳಿಕೊಟ್ಟಿದ್ದಕ್ಕೆ ಹಾಕಿದ ಗುರುತು ಅದು ಎಂದೇ ನನಗೆ ಅನಿಸುತ್ತದೆ. ನಾನೂ ಹಾಗೆಯೇ ಹಾಕುತ್ತಿದ್ದೆ.

ಈಗ ಒಂದು ಕೆಲಸ ಮಾಡಿ. ಆ ಪಟ್ಟಿಯ ನಾಲ್ಕನೆಯ ಹೆಸರನ್ನೂ ಅದರ ಇನಿಷಿಯಲ್ಲನ್ನೂ ಓದಿ. ಆಮೇಲೆ ಪುಸ್ತಕವನ್ನು ಮುಂಬದಿಗೆ ತಿರುಗಿಸಿ, 31 ಅಜೇಯ ಇರುವ ಪುಟದ ಹನ್ನೊಂದನೆಯ ಹೆಸರನ್ನು ಓದಿ. ಅದೇ ಹೆಸರು, ಅದೇ ಇನಿಷಿಯಲ್. ‘ಹೊಳೆ’ ಎಂದು ಐದು ಸಲ ಬರೆಸಿಕೊಂಡ ಹುಡುಗನೇ ಐದು ಓವರ್ ಆಚೆ ತುದಿಯಲ್ಲಿ ನಿಂತಿದ್ದವನು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಮನೆ ಹೆಸರು ಇರಲೇಬೇಕು. ಹೊಳೆಯಾಚೆ ಆ ಮನೆಯನ್ನು ಹುಡುಕಿ ಹೋಗಿ, ಅವನ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಆ ಎರಡು ರನ್ನಿನ ಬಗ್ಗೆ ಕೇಳಿ. ಏನು ಹೇಳಿದರೆಂದು ನನಗೆ ಬರೆಯಿರಿ.